ಪಿಎಂ ಕೆಲಸದಲ್ಲಿ ಕೂತು ಯೋಚಿಸೋಕೆ ಪುರುಸೊತ್ತು ಎಲ್ಲಿಂದ ತರ್ತೀರಿ?

ಬೆಳ್ಳಂದೂರು_ಪಿಎಂ

ನಮಸ್ಕಾರ ಎಲ್ಲರಿಗೂ. ಪೇಮೆಂಟ್ಸ್ ಕಂಪನಿಯೊಂದರಲ್ಲಿ ಪ್ರಾಡಕ್ಟ್ ಮ್ಯಾನೇಜರ್ (ಪಿಎಂ) ಆಗಿದ್ದೇನೆ, ಅಂದರೆ ಆ್ಯಪ್‌ನಲ್ಲಿ ಏನು ಮಾಡಬೇಕು, ಏನು ಬೇಡ ಅಂತ ನಿರ್ಧರಿಸೋ ಕೆಲಸ. ಅಂಗಡಿಯವರು ದಿನಾ ತೆರೆದು ನೋಡುವ ಆ್ಯಪ್ ನಮ್ಮ ತಂಡದ್ದು. ಇಲ್ಲಿರುವ ಪಿಎಂಗಳಿಗೆ ಒಂದು ಪ್ರಶ್ನೆ. ಕೂತು ಯೋಚಿಸೋ ಕೆಲಸಕ್ಕೆ ಸಮಯ ಬೇಕು ಅಂತ ನೀವು ಯಾವ ಕೆಲಸವನ್ನು ನಿಜವಾಗಿಯೂ ಕೈಬಿಟ್ಟಿದ್ದೀರಿ? ಬಿಟ್ಟ ಮೇಲೆ ಏನಾಯಿತು?

"ಕ್ಯಾಲೆಂಡರ್ ಬ್ಲಾಕ್ ಮಾಡಿ" ಅನ್ನೋ ಸಲಹೆ ಎಲ್ಲರಿಗೂ ಗೊತ್ತಿರೋದೇ. ಎರಡು ಗಂಟೆ ಬ್ಲಾಕ್ ಮಾಡಿದರೂ ಆ ಹೊತ್ತಿನಲ್ಲಿ ನಮ್ಮಲ್ಲಿ ಬಹಳ ಮಂದಿ ಜಿರಾ (ಕೆಲಸಗಳ ಪಟ್ಟಿ ಇಡೋ ಸಾಫ್ಟ್‌ವೇರ್) ಟಿಕೆಟ್ ಜೋಡಿಸುತ್ತಾ ಕೂರುತ್ತಾರೆ. ಬ್ಯುಸಿಯಾಗಿ ಕಾಣಿಸೋ, ಆದರೆ ಹೆಚ್ಚು ಉಪಯೋಗವಿಲ್ಲದ ಇಂಥ ಕೆಲಸವನ್ನೇ ನಾನು ಬಿಜಿವರ್ಕ್ ಅನ್ನೋದು. ಯಾಕೆ ಅಂದರೆ ಟಿಕೆಟ್ ಮುಗಿದರೆ ಮುಗಿದಿದ್ದು ಕಣ್ಣಿಗೆ ಕಾಣುತ್ತೆ. ಯೋಚನೆ ಮುಗಿದಿದೆಯೋ ಇಲ್ಲವೋ ಅಂತ ಯಾರಿಗೂ ಕಾಣಲ್ಲ.

ಯಾಕೆ ಕೇಳ್ತಿದ್ದೇನೆ ಅಂದರೆ, ನಮ್ಮ ಸಪೋರ್ಟ್‌ಗೆ ಅತಿ ಹೆಚ್ಚು ಬರುತ್ತಿದ್ದ ದೂರು "ದುಡ್ಡು ಪೂರ್ತಿ ಬಂದಿಲ್ಲ" ಅನ್ನೋದು. ಇದಕ್ಕೆ ಪರಿಹಾರ ಅಂತ ರೋಡ್‌ಮ್ಯಾಪ್‌ನಲ್ಲಿ (ಮುಂದೆ ಮಾಡೋ ಕೆಲಸಗಳ ಯೋಜನೆ) ಇದ್ದದ್ದು ತಕ್ಷಣದ ಸೆಟಲ್‌ಮೆಂಟ್, ಅಂದರೆ ಗಿರಾಕಿ ಕೊಟ್ಟ ದುಡ್ಡು ಆಗಲೇ ಅಂಗಡಿಯವರ ಖಾತೆಗೆ ಹೋಗೋದು. ಇಡೀ ಕ್ವಾರ್ಟರ್ ತಿನ್ನುವ ಕೆಲಸ. ಅದಕ್ಕೆ ಡೆಕ್ (ಸ್ಲೈಡ್‌ಗಳು) ತಯಾರಾಗಿತ್ತು, ಮೀಟಿಂಗ್‌ಗಳು ನಡೆಯುತ್ತಿದ್ದವು, ಎಲ್ಲರೂ ಬ್ಯುಸಿ. ನಾನು ಒಂದು ಬೆಳಿಗ್ಗೆ ಹಾಳೆ ಮೇಲೆ ಒಂದೇ ಸಾಲು ಬರೆದುಕೊಂಡೆ: "ಯಾರು ಫೋನ್ ಮಾಡ್ತಿಲ್ಲ?" ಆಮೇಲೆ ದೂರುಗಳನ್ನು ಒಂದೊಂದಾಗಿ ಓದಿದೆ, ಕಾಲ್ ರೆಕಾರ್ಡಿಂಗ್ ಕೇಳಿದೆ.

ರಾತ್ರಿ ಒಂಬತ್ತಕ್ಕೆ ಷಟರ್ ಎಳೆಯುವ ಕಿರಾಣಿ ಅಂಗಡಿಯವರು ಫೋನ್ ಮಾಡೋದೇ ಅಪರೂಪ. ಮಾಡುತ್ತಿದ್ದವರು ಮೆಡಿಕಲ್ ಶಾಪ್, ಐಸ್‌ಕ್ರೀಂ ಅಂಗಡಿ, ತಡರಾತ್ರಿವರೆಗೂ ತೆಗೆದಿರೋ ಬಿರಿಯಾನಿ ಹೋಟೆಲ್‌ನವರು. ಕಾರಣ ಇಷ್ಟೇ. ಆ್ಯಪ್‌ನ ಮೊದಲ ಪರದೆಯಲ್ಲಿ "ಇಂದಿನ ಒಟ್ಟು" ಅಂತ ತೋರಿಸೋದು ಮಧ್ಯರಾತ್ರಿ 12ರವರೆಗಿನ ಲೆಕ್ಕ. ಬ್ಯಾಂಕಿಗೆ ಹಣ ಕಳಿಸುವ ಲೆಕ್ಕ ಮುಗಿಯೋದು 11ಕ್ಕೆ. ಉದಾಹರಣೆಗೆ, ಪರದೆಯಲ್ಲಿ 18,400 ರೂಪಾಯಿ ಇದೆ ಅನ್ನಿ. ಕೊನೆಯ ಒಂದು ಗಂಟೆಯ 1,450 ನಾಳೆಯ ಕಂತಿಗೆ ಹೋಗುತ್ತೆ. ನಿನ್ನೆ ಅದೇ ಹೊತ್ತಿನ 700 ಇವತ್ತಿನದಕ್ಕೆ ಸೇರುತ್ತೆ. ಖಾತೆಗೆ ಬೀಳೋದು 17,650. ಅಂಗಡಿಯವರ ಕಣ್ಣಿಗೆ 750 ರೂಪಾಯಿ ಕಾಣೆ. ಇನ್ನೊಂದು ದಿನ ಇದೇ ಲೆಕ್ಕದಲ್ಲಿ ಜಾಸ್ತಿ ಬರುತ್ತೆ. ಜಾಸ್ತಿ ಬಂದ ದಿನ ಯಾರೂ ಫೋನ್ ಮಾಡಲ್ಲ.

ಅವರಿಗೆ ಬೇಕಿದ್ದದ್ದು ಬೇಗ ಬರೋ ದುಡ್ಡಲ್ಲ, ಲೆಕ್ಕ ಕೂಡೋ ದುಡ್ಡು. ಒಟ್ಟು ಮೊತ್ತದ ಕೆಳಗೆ ಎರಡು ಸಾಲು ಹಾಕಿದೆವು: ಇಷ್ಟು ನಾಳೆ ಬರುತ್ತದೆ, ನಿನ್ನೆಯದು ಇಷ್ಟು ಇದರಲ್ಲಿ ಸೇರಿದೆ. ದೂರು ಚೆನ್ನಾಗಿಯೇ ಇಳಿಯಿತು.

ನನ್ನ ಅನಿಸಿಕೆ: ಖಾಲಿ ಸಮಯದಿಂದ ಯೋಚನೆ ಹುಟ್ಟಲ್ಲ. ಕೈಯಲ್ಲಿ ಬರೆದಿಟ್ಟ ಒಂದು ಪ್ರಶ್ನೆ ಇರಬೇಕು. ಅದಿದ್ದರೆ ಅರ್ಧ ಬೆಳಿಗ್ಗೆಯೂ ಸಾಕು. ಇಲ್ಲದಿದ್ದರೆ ವಾರಪೂರ್ತಿ ರಜೆ ಕೊಟ್ಟರೂ ನಾವು ಬ್ಯಾಕ್‌ಲಾಗ್ (ಬಾಕಿ ಕೆಲಸದ ಪಟ್ಟಿ) ಒರೆಸ್ತಾ ಕೂರ್ತೀವಿ. ನಿಮ್ಮ ಅನುಭವ ಹೇಳಿ.

ಸಿಯಾಟಲ್_ಕನ್ನಡಿಗ

ಒಳ್ಳೆ ಉದಾಹರಣೆ ಸರ್. ನಿಮ್ಮ ಮಾತಿಗೆ ನನ್ನದೊಂದು ಸೇರ್ಪಡೆ. ಪ್ರಶ್ನೆ ಜೊತೆಗೆ ಬರೆಯಲೇಬೇಕಾದ ಒತ್ತಡವೂ ಬೇಕು.

ಅಮೆಜಾನ್‌ನಲ್ಲಿ 2004ರಲ್ಲಿ ಜೆಫ್ ಬೆಜೋಸ್ ಹಿರಿಯರ ಮೀಟಿಂಗ್‌ಗಳಲ್ಲಿ ಪವರ್‌ಪಾಯಿಂಟ್ ನಿಲ್ಲಿಸಿದರು. ಅದರ ಜಾಗಕ್ಕೆ ಬಂದದ್ದು ವಾಕ್ಯಗಳಲ್ಲಿ ಬರೆದ ಮೆಮೊ, ಹೆಚ್ಚೆಂದರೆ ಆರು ಪುಟ. ಮೀಟಿಂಗ್ ಶುರುವಾಗುತ್ತಲೇ ಎಲ್ಲರೂ ಮಾತಿಲ್ಲದೆ ಅದನ್ನು ಓದುತ್ತಾರೆ. ಮುಂಚೆ ಓದಿಕೊಂಡು ಬನ್ನಿ ಅಂದರೆ ಯಾರೂ ಓದಲ್ಲ, ಅದಕ್ಕೇ ಅಲ್ಲೇ ಓದಿಸೋದು.

ಇದರ ಲಾಭ ಬರೆಯೋವಾಗಲೇ ಗೊತ್ತಾಗುತ್ತೆ. ಸ್ಲೈಡ್‌ನಲ್ಲಿ "ಬಳಕೆದಾರರ ನಂಬಿಕೆ ಹೆಚ್ಚಿಸುವುದು" ಅಂತ ಒಂದು ಚುಕ್ಕೆ ಹಾಕಿ ಮುಂದೆ ಹೋಗಬಹುದು. ವಾಕ್ಯದಲ್ಲಿ ಹಾಗೆ ಬರೆದರೆ ಮುಂದಿನ ವಾಕ್ಯ ಬರಲ್ಲ. ಯಾರ ನಂಬಿಕೆ? ಅದು ಕಡಿಮೆ ಆಗಿದ್ದು ಯಾವುದರಿಂದ? "ಆದ್ದರಿಂದ" ಅಂತ ಬರೆದ ಮೇಲೆ ಅದರ ಹಿಂದೆ ಕಾರಣ ಇರಲೇಬೇಕು ಅಲ್ವಾ. ಒಳ್ಳೆಯ ಮೆಮೊ ಒಂದೆರಡು ದಿನದಲ್ಲಿ ಆಗುವುದಲ್ಲ, ಬರೆದು, ಬೇರೆಯವರಿಗೆ ಕೊಟ್ಟು, ಪಕ್ಕಕ್ಕಿಟ್ಟು, ಮತ್ತೆ ತಿದ್ದಬೇಕು ಅಂತ ಬೆಜೋಸ್ 2017ರ ಷೇರುದಾರರ ಪತ್ರದಲ್ಲಿ ವಿವರಿಸಿದ್ದಾರೆ.

ನಾನು ಬಿಟ್ಟ ಕೆಲಸ: ನನ್ನ ಮಾತು ಬೇಕಿಲ್ಲದ, ಸುಮ್ನೆ "ಗೊತ್ತಿರಲಿ" ಅಂತ ಕರೆಯುವ ಮೀಟಿಂಗ್‌ಗಳು. "ಟಿಪ್ಪಣಿ ಕಳಿಸಿ, ಅದೇ ದಿನ ಓದಿ ಉತ್ತರ ಕೊಡ್ತೀನಿ" ಅಂತ ಹೇಳಿದೆ. ಕೊಟ್ಟ ಮಾತು ಉಳಿಸಿಕೊಂಡರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ.

ಬ್ಯಾಕೆಂಡ್_ಎಚ್‌ಎಸ್‌ಆರ್

ಇಂಜಿನಿಯರ್ ಕಡೆಯಿಂದ ಒಂದು ಮಾತು. ತಪ್ಪು ತಿಳ್ಕೋಬೇಡಿ.

ಪಿಎಂ "ಯೋಚಿಸೋಕೆ" ಅಂತ ಕಾಣೆಯಾದಾಗ ಇಲ್ಲಿ ಕೆಲಸ ನಿಲ್ಲುತ್ತೆ. ಉದಾಹರಣೆಗೆ, ರೀಫಂಡ್ ಆದ ಪೇಮೆಂಟ್ ಅನ್ನು ಅದು ಬಂದ ದಿನದ ಲೆಕ್ಕದಿಂದ ಕಳೆಯಬೇಕಾ ಅಥವಾ ರೀಫಂಡ್ ಆದ ದಿನದ ಲೆಕ್ಕದಿಂದಲಾ? ಇದು ಒಂದು ಸಾಲಿನ ಉತ್ತರ. ಅದಕ್ಕೆ ನಾವು ಸಂಜೆವರೆಗೂ ಕಾಯಬೇಕಾ? ನಿಮಗೆ ಇದು ಸ್ಲ್ಯಾಕ್‌ನ (ಆಫೀಸಿನ ಚಾಟ್ ಆ್ಯಪ್) ಗದ್ದಲ. ನಮಗೆ ಇದೇ ಪ್ರಾಡಕ್ಟ್. ಬಿಜಿವರ್ಕ್ ಅಂತ ನೀವು ಕರೆಯೋದರಲ್ಲಿ ಅರ್ಧ ನಮ್ಮ ಪ್ರಶ್ನೆಗಳೇ ಇರುತ್ತವೆ. ಅದು ಸ್ವಲ್ಪ ನೋವಾಗುತ್ತೆ.

ನಮ್ಮ ಈಗಿನ ಪಿಎಂ ಮೇಡಂ ಮಾಡಿದ್ದು ನನಗೆ ಹಿಡಿಸಿದೆ. ಮಧ್ಯಾಹ್ನ ಊಟವಾದ ಮೇಲೆ ಒಂದು ಗಂಟೆ ನಮ್ಮ ಸಾಲಿನಲ್ಲೇ ಕೂರ್ತಾರೆ. ಲ್ಯಾಪ್‌ಟಾಪ್ ಮುಚ್ಚಿರುತ್ತೆ. ಯಾರು ಏನು ಬೇಕಾದರೂ ಕೇಳಬಹುದು. ಬೆಳಿಗ್ಗೆ ಅವರನ್ನು ಯಾರೂ ಕರೆಯಲ್ಲ, ಪ್ರೊಡಕ್ಷನ್ (ಗಿರಾಕಿಗಳು ಬಳಸ್ತಿರೋ ಸಿಸ್ಟಂ) ಬಿದ್ದರೆ ಮಾತ್ರ. ಬರೆದುಕೊಡುವ ಡಾಕ್ಯುಮೆಂಟ್‌ನಲ್ಲೂ "ಇಲ್ಲಿ ನಿಮಗೆ ಸರಿ ಅನಿಸಿದ್ದು ಮಾಡಿ, ನನ್ನನ್ನು ಕೇಳಬೇಕಿಲ್ಲ" ಅಂತ ಒಂದು ಭಾಗ ಇರುತ್ತೆ. ಆ ಭಾಗ ಬಂದ ಮೇಲೆ ನಮ್ಮ ಪ್ರಶ್ನೆಗಳೇ ಕಡಿಮೆಯಾದವು.

ಬೆಳ್ಳಂದೂರು_ಪಿಎಂ

ಬ್ಯಾಕೆಂಡ್ ಅವರೇ, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ತಂಡದ ಪ್ರಶ್ನೆಗೆ ಉತ್ತರ ಕೊಡೋದನ್ನು ನಾನು ಬಿಜಿವರ್ಕ್ ಲೆಕ್ಕಕ್ಕೆ ಸೇರಿಸಲ್ಲ. ಒಂದೇ ಸ್ಟೇಟಸ್ ಅನ್ನು ಜಿರಾದಲ್ಲಿ, ಎಕ್ಸೆಲ್‌ನಲ್ಲಿ, ಮತ್ತೆ ವಾರದ ಡೆಕ್‌ನಲ್ಲಿ ಬರೆಯೋದು, ಅದು ಬಿಜಿವರ್ಕ್. "ನನ್ನನ್ನು ಕೇಳಬೇಕಿಲ್ಲ" ಅನ್ನೋ ಭಾಗವನ್ನು ಈ ಸ್ಪ್ರಿಂಟ್‌ನಿಂದಲೇ (ತಂಡದ ಕೆಲಸದ ಸುತ್ತು) ನಮ್ಮ ಡಾಕ್ಯುಮೆಂಟ್‌ಗೆ ಸೇರಿಸ್ತೀನಿ.

ಕುವೆಂಪುನಗರ_ಮೈಸೂರು

ನಿಮ್ಮೆಲ್ಲರ ಮಾತು ಪ್ರಾಡಕ್ಟ್ ಕಂಪನಿಗಳಿಗೆ ಸರಿ. ನಾನು ಸರ್ವಿಸ್ ಕಂಪನಿಯಲ್ಲಿ ವಿದೇಶಿ ಕ್ಲೈಂಟ್‌ಗೆ ಪ್ರಾಡಕ್ಟ್ ನೋಡಿಕೊಳ್ಳೋಳು. ವಾರದ ಸ್ಟೇಟಸ್ ರಿಪೋರ್ಟ್ ಕಳಿಸದಿದ್ದರೆ ಅವತ್ತೇ ಎಸ್ಕಲೇಶನ್, ಅಂದರೆ ಮೇಲಿನವರಿಗೆ ದೂರು. ಬಿಡೋದು ಅನ್ನೋ ಮಾತೇ ಇಲ್ಲ.

ಆದರೆ ಒಂದು ಕೆಲಸ ಮಾಡಿದೆ. ಕ್ಲೈಂಟ್ ಕಡೆಯ ಮ್ಯಾನೇಜರ್ ಹತ್ತಿರ ನೇರವಾಗಿ ಕೇಳಿದೆ: "ಈ ರಿಪೋರ್ಟ್‌ನಲ್ಲಿ ನಿಮ್ಮ ಬಾಸ್‌ಗೆ ನೀವು ತೋರಿಸೋದು ಯಾವ ಭಾಗ?" ಅವರು ಸ್ವಲ್ಪ ಹೊತ್ತು ಯೋಚಿಸಿ ಹೇಳಿದ್ದು ಎರಡೇ ವಿಷಯ. ಬಿಡುಗಡೆ ದಿನಾಂಕ ಬದಲಾಗಿದೆಯಾ, ನಾವು ಅವರಿಂದ ಯಾವ ನಿರ್ಧಾರಕ್ಕೆ ಕಾಯ್ತಿದ್ದೇವೆ. ಉಳಿದ ಸ್ಲೈಡ್‌ಗಳು ಯಾವಾಗಲೋ ಯಾರೋ ಕೇಳಿದ್ದರಂತೆ, ಅವರು ಕೆಲಸ ಬಿಟ್ಟು ಹೋಗಿ ಬಹಳ ಕಾಲವಾಗಿದೆ. ಈಗ ರಿಪೋರ್ಟ್ ಅರ್ಧ ಪುಟದ ಈಮೇಲ್. ಶುಕ್ರವಾರ ಮಧ್ಯಾಹ್ನ ನನಗೆ ವಾಪಸ್ ಸಿಕ್ಕಿತು.

ಹಾಗಾಗಿ ನನ್ನ ಸಲಹೆ, ಬಿಡೋಕೆ ಆಗದ ಕೆಲಸವಿದ್ದರೆ ಅದನ್ನು ಓದುವವರನ್ನೇ ಕೇಳಿ. ನಾವು ಬೇಡ ಅಂದರೆ ಸೋಮಾರಿತನ ಅನಿಸುತ್ತೆ. ಅವರೇ ಬೇಡ ಅಂದರೆ ಆ ಮಾತೇ ಬರಲ್ಲ.

ಹೊಸ_ಎಪಿಎಂ

ಎಲ್ಲರಿಗೂ ಧನ್ಯವಾದ, ತುಂಬಾ ಕಲೀತಿದ್ದೇನೆ. ನಾನು ಈ ವರ್ಷವೇ ಎಪಿಎಂ (ಕಿರಿಯ ಪಿಎಂ) ಆಗಿ ಸೇರಿದ್ದು. ನನಗೆ ಬರೋದೆಲ್ಲ ಇಂಥ ಕೆಲಸವೇ. ಮೀಟಿಂಗ್ ನೋಟ್ಸ್, ಟಿಕೆಟ್ ವಿಂಗಡಣೆ, ಡ್ಯಾಶ್‌ಬೋರ್ಡ್ ಸ್ಕ್ರೀನ್‌ಶಾಟ್. ದೊಡ್ಡ ವಿಷಯ ಯೋಚಿಸೋಕೆ ಯಾರೂ ಕೇಳಲ್ಲ. ಸ್ಲ್ಯಾಕ್‌ನಲ್ಲಿ ತಡವಾಗಿ ಉತ್ತರ ಕೊಟ್ಟರೆ ಮ್ಯಾನೇಜರ್ ಮುಖ ಬದಲಾಗುತ್ತೆ. ನಾನು ಏನು ಮಾಡಲಿ?

ಯುಪಿಐ_ಹಳಬ

ಹೊಸ ಎಪಿಎಂ, ಟಿಕೆಟ್ ವಿಂಗಡಣೆಯನ್ನು ಮಾತ್ರ ಬಿಡಬೇಡಪ್ಪ. ಈ ಚರ್ಚೆ ಶುರು ಮಾಡಿದವರಿಗೆ ಉತ್ತರ ಸಿಕ್ಕಿದ್ದೂ ಅಲ್ಲೇ. ಹಿರಿಯ ಪಿಎಂಗಳಿಗೆ ಸಾರಾಂಶ ಮಾತ್ರ ಸಿಗುತ್ತೆ. ನಿನಗೆ ಜನರ ಮಾತು ಹಾಗೇ ಸಿಗ್ತಿದೆ. ವಾರಕ್ಕೊಮ್ಮೆ ಒಂದು ಪ್ಯಾರಾ ಬರೆದು ಮ್ಯಾನೇಜರ್‌ಗೆ ಕಳಿಸು: ಈ ವಾರ ಯಾರು ಏನು ಕೇಳಿದರು, ಅದರಲ್ಲಿ ನನಗೆ ಅರ್ಥವಾಗದ್ದು ಯಾವುದು. ಅಷ್ಟೇ ಸಾಕು.

ಶ್ರೇಯಸ್ ದೋಶಿ ಹೇಳಿಕೊಡುವ ಎಲ್‌ಎನ್‌ಒ (ಲೆವರೇಜ್, ನ್ಯೂಟ್ರಲ್, ಓವರ್‌ಹೆಡ್) ಅನ್ನೋ ವಿಂಗಡಣೆ ನಿನಗೆ ಉಪಯೋಗಕ್ಕೆ ಬರಬಹುದು. ಅವರು ಸ್ಟ್ರೈಪ್, ಟ್ವಿಟರ್, ಗೂಗಲ್‌ನಲ್ಲಿ ಪ್ರಾಡಕ್ಟ್ ಕೆಲಸ ಮಾಡಿದವರು. ಕೆಲವು ಕೆಲಸಕ್ಕೆ ಹಾಕಿದ ಶ್ರಮದ ಹಲವು ಪಟ್ಟು ಫಲ ಬರುತ್ತೆ, ಕೆಲವಕ್ಕೆ ಹಾಕಿದಷ್ಟೇ, ಕೆಲವಕ್ಕೆ ಅಷ್ಟೂ ಇಲ್ಲ. ಮೊದಲನೆಯದನ್ನು ಮನಸ್ಸಿಟ್ಟು ಮಾಡು, ಕೊನೆಯದನ್ನು ಹೇಗೋ ಮುಗಿಸು. ಓದಿದವರು ತಡವರಿಸೋದು ಕೊನೆಯದನ್ನು ಹೇಗೋ ಮುಗಿಸು ಅನ್ನೋ ಭಾಗದಲ್ಲಿ. ಎಲ್ಲ ಕೆಲಸವನ್ನೂ ಅಚ್ಚುಕಟ್ಟಾಗಿ ಮಾಡಬೇಕು ಅಂತ ಶಾಲೆಯಿಂದ ಕಲಿತು ಬಂದ ನಮಗೆ, ಮೀಟಿಂಗ್ ನೋಟ್ಸ್ ಸುಮಾರಾಗಿದ್ದರೂ ಪರವಾಗಿಲ್ಲ ಅಂತ ಒಪ್ಪಿಕೊಳ್ಳೋದೇ ಕಷ್ಟ.

ಇನ್ನು ಪ್ರಶ್ನೆ ವಿಷಯ. ಚಿಕ್ಕ ಪಾವತಿಗಳಿಗೆ ಅಂತಲೇ ಮಾಡಿದ ಯುಪಿಐ ಲೈಟ್ ತೆಗೆದುಕೊಳ್ಳಿ. ಯುಪಿಐ ಶುರುವಾಗಿದ್ದು 2016ರಲ್ಲಿ. ಕೆಲವೇ ವರ್ಷಗಳಲ್ಲಿ ಟೀ ಅಂಗಡಿ, ತರಕಾರಿ ಗಾಡಿ, ಎಲ್ಲ ಕಡೆ ಬಂತು. 200 ರೂಪಾಯಿ ಒಳಗಿನ ವ್ಯವಹಾರಗಳೇ ಒಟ್ಟು ಯುಪಿಐ ವ್ಯವಹಾರಗಳಲ್ಲಿ ಅರ್ಧದಷ್ಟು ಅಂತ ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ 2022ರಲ್ಲಿ ಹೇಳಿತ್ತು. ಹತ್ತು ರೂಪಾಯಿ ಟೀಗೂ ಬ್ಯಾಂಕಿನ ಕೋರ್ ಸಿಸ್ಟಂ (ಖಾತೆಗಳ ಮೂಲ ಲೆಕ್ಕ ಇಡೋ ವ್ಯವಸ್ಥೆ) ತನಕ ಹೋಗಿ ಬರಬೇಕು. ಬ್ಯಾಂಕ್ ಸರ್ವರ್ ತೂಕಡಿಸಿದರೆ ಟೀ ದುಡ್ಡೂ ಸಿಕ್ಕಿಕೊಳ್ಳುತ್ತೆ. ಪಾಸ್‌ಬುಕ್ ತುಂಬಾ ಹತ್ತು, ಇಪ್ಪತ್ತರ ಸಾಲುಗಳು.

ಇಲ್ಲಿ ಸಾಮಾನ್ಯವಾಗಿ ಬರೋ ಪ್ರಶ್ನೆ "ಸರ್ವರ್ ಎಷ್ಟು ಜಾಸ್ತಿ ಮಾಡೋಣ?" ಯುಪಿಐ ಲೈಟ್‌ನ ರಚನೆ ನೋಡಿದರೆ ಅದು ಬೇರೆ ಪ್ರಶ್ನೆಗೆ ಉತ್ತರ: ಇಷ್ಟು ಚಿಕ್ಕ ಪಾವತಿ ಪ್ರತಿ ಸಲ ಅಲ್ಲಿಗೆ ಹೋಗಲೇಬೇಕಾ? ಮೊದಲೇ ಸ್ವಲ್ಪ ಹಣ ತುಂಬಿಸಿಟ್ಟುಕೊಳ್ಳಿ, ಪಿನ್ ಬೇಡ, ಆ ಕ್ಷಣಕ್ಕೆ ಕೋರ್ ಸಿಸ್ಟಂ ತಟ್ಟೋದು ಬೇಡ. 2022ರ ಸೆಪ್ಟೆಂಬರ್‌ನಲ್ಲಿ ಬಂದಾಗ ಒಂದು ಪಾವತಿಗೆ 200 ರೂಪಾಯಿ, ಒಟ್ಟು ಇಟ್ಟುಕೊಳ್ಳೋಕೆ 2,000 ರೂಪಾಯಿ ಮಿತಿ ಇತ್ತು. ಆಮೇಲೆ ಮಿತಿ ಏರಿಸಿದರು. ಪ್ರಶ್ನೆಯನ್ನೇ ಬದಲಿಸೋ ಕೆಲಸ ಎರಡು ಸಿಂಕ್ ಕಾಲ್‌ಗಳ ನಡುವಿನ ಹತ್ತು ನಿಮಿಷದಲ್ಲಿ ಆಗಲ್ಲ.

ಇಬ್ಬರು_ಮಕ್ಕಳ_ತಾಯಿ

ಇದೆಲ್ಲ ಓದಿ ಖುಷಿಯಾಯಿತು. ಆದರೂ ಒಂದು ಮಾತು ಹೇಳಲೇಬೇಕು. "ಬೆಳಗಿನ ಜಾವ ಎದ್ದು ಯೋಚಿಸಿ", "ರಾತ್ರಿ ಎಲ್ಲರೂ ಮಲಗಿದ ಮೇಲೆ ಬರೆಯಿರಿ" ಅಂತ ಪ್ರತಿ ಸಲ ಯಾರಾದರೂ ಹೇಳ್ತಾರೆ. ಬೆಳಗಿನ ಜಾವ ನನಗೆ ಡಬ್ಬಿ ಕಟ್ಟೋದು, ಸ್ಕೂಲ್ ವ್ಯಾನ್. ರಾತ್ರಿ ಒಂಬತ್ತೂವರೆಗೆ ಕ್ಯಾಲಿಫೋರ್ನಿಯಾದವರ ಜೊತೆ ಕಾಲ್. ಅವರಿಗೆ ಆಗಷ್ಟೇ ಬೆಳಗಾಗಿರುತ್ತೆ. ತಲೆ ಓಡೋ ಹೊತ್ತು ನನಗೆ ಆಫೀಸಿನ ಅವಧಿಯಲ್ಲೇ ಸಿಗಬೇಕು. ಯೋಚಿಸೋದೂ ಕೆಲಸವೇ ಅಂದಮೇಲೆ ಅದನ್ನು ಮನೆ ಸಮಯದಿಂದ ಕದಿಯೋದು ಯಾಕೆ?

ಅದಕ್ಕೇ ಇದನ್ನು ಒಬ್ಬೊಬ್ಬರ ಶಿಸ್ತಿನ ವಿಷಯ ಮಾಡಬಾರದು. ಆನ್‌ಲೈನ್ ಅಂಗಡಿಗಳಿಗೆ ಸಾಫ್ಟ್‌ವೇರ್ ಕೊಡೋ ಶಾಪಿಫೈ ಕಂಪನಿ 2023ರ ಜನವರಿಯಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು ಜನ ಸೇರುವ ಮರುಕಳಿಸುವ ಮೀಟಿಂಗ್‌ಗಳನ್ನೆಲ್ಲ ಕ್ಯಾಲೆಂಡರ್‌ನಿಂದ ಒಟ್ಟಿಗೇ ಅಳಿಸಿತು, ಬುಧವಾರ ಮೀಟಿಂಗ್ ಬೇಡ ಅಂದಿತು. ಕಂಪನಿಯೇ ಹೇಳಿದರೆ ನಾನೊಬ್ಬಳೇ "ಬರೋಕಾಗಲ್ಲ" ಅಂತ ಹೇಳುವ ಕಷ್ಟ ಇರಲ್ಲ.

ನಮ್ಮ ತಂಡ ಚಿಕ್ಕದು. ಇಡೀ ಕಂಪನಿಯನ್ನು ಬದಲಿಸೋಕಾಗಲ್ಲ. ನಾವು ಮಾಡಿಕೊಂಡಿದ್ದು ಇಷ್ಟು: ಮಂಗಳವಾರ, ಗುರುವಾರ ಹತ್ತರಿಂದ ಒಂದರವರೆಗೆ ತಂಡದಲ್ಲಿ ಯಾರಿಗೂ ಮೀಟಿಂಗ್ ಇಲ್ಲ. ಡಿಸೈನರ್‌ಗೂ ಇಲ್ಲ, ಟೆಸ್ಟಿಂಗ್‌ನವರಿಗೂ ಇಲ್ಲ. ಹೊರಗಿನವರು ಹಾಕಿದರೆ ನಮ್ಮ ಇಂಜಿನಿಯರಿಂಗ್ ಮ್ಯಾನೇಜರ್ ಸರ್ ಮಾತಾಡ್ತಾರೆ. ಪಿಎಂಗೆ ಮಾತ್ರ ಮೌನ, ಉಳಿದವರಿಗೆ ಗದ್ದಲ ಅನ್ನೋ ವ್ಯವಸ್ಥೆ ಬಹಳ ದಿನ ಉಳಿಯಲ್ಲ.

ಹುಬ್ಬಳ್ಳಿ_ಸ್ಟಾರ್ಟಪ್

ತಾಯಿಯವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಐತ್ರೀ.

ನಂದು ಚಿಕ್ಕ ಕಂಪನಿ. ಹೋಲ್‌ಸೇಲ್ ವ್ಯಾಪಾರಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡ್ತೀವಿ. ನನ್ನ ಅನುಭವದಲ್ಲಿ ಯೋಚನೆ ಆಗೋದು ಕುರ್ಚಿ ಮೇಲೆ ಕೂತಲ್ಲ, ಗಿರಾಕಿ ಅಂಗಡಿಯಲ್ಲಿ ನಿಂತು. ಬೇಳೆ ವ್ಯಾಪಾರಿಯೊಬ್ಬರು ನಮ್ಮ ಸಾಫ್ಟ್‌ವೇರ್‌ನಲ್ಲಿ ಬಿಲ್ ಹಾಕಿ, ಅದೇ ಮೊತ್ತವನ್ನು ಪಕ್ಕದ ಕೆಂಪು ಪುಸ್ತಕದಲ್ಲೂ ಬರೀತಿದ್ದರು. ಯಾಕೆ ಅಂತ ಕೇಳಿದೆ. "ಇದರಾಗ ಯಾರು ಎಷ್ಟು ಕೊಡೋದೈತಿ ಅಂತ ಒಂದ ಪುಟದಾಗ ಕಾಣ್ತದ್ರೀ" ಅಂದರು. ನಮ್ಮಲ್ಲೂ ಬಾಕಿ ರಿಪೋರ್ಟ್ ಇತ್ತು. ಬಿಲ್ ನಂಬರ್ ಪ್ರಕಾರ ಇತ್ತು. ಅವರಿಗೆ ಬೇಕಿದ್ದದ್ದು ಊರಿನ ಪ್ರಕಾರ, ಯಾಕೆ ಅಂದರೆ ವಸೂಲಿಗೆ ಹೋಗೋದು ಊರಿನ ಪ್ರಕಾರ. ಇದನ್ನು ಯಾವ ಡ್ಯಾಶ್‌ಬೋರ್ಡೂ ಹೇಳಲ್ಲ.

ಇದು ಹೊಸ ವಿಚಾರವೇನಲ್ಲ. ಪ್ರಾಡಕ್ಟ್ ಮ್ಯಾನೇಜರ್ ಕೆಲಸದ ಬೇರು ಅಂತ ಹೇಳೋದು 1931ರ ಒಂದು ಮೆಮೊವನ್ನು. ಪ್ರಾಕ್ಟರ್ ಆಂಡ್ ಗ್ಯಾಂಬಲ್‌ನಲ್ಲಿ ಕ್ಯಾಮೇ ಸೋಪಿನ ಜಾಹೀರಾತು ನೋಡ್ತಿದ್ದ ನೀಲ್ ಮೆಕೆಲ್ರಾಯ್ ಬರೆದದ್ದು. ಒಂದೊಂದು ಬ್ರ್ಯಾಂಡಿಗೆ ಅದನ್ನೇ ನೋಡಿಕೊಳ್ಳುವ ಜನ ಬೇಕು ಅಂತ ವಾದ. ಮಾರಾಟ ಸೊರಗಿದ ಪ್ರದೇಶಕ್ಕೆ ಖುದ್ದಾಗಿ ಹೋಗಿ, ಅಂಗಡಿಯವರನ್ನೂ ಕೊಳ್ಳುವವರನ್ನೂ ಕಂಡು, ಏನು ತೊಂದರೆ ಅಂತ ತಿಳಿಯೋದು ಆ ಮೆಮೊ ಪ್ರಕಾರ ಆ ಜನರ ಕೆಲಸ. ಸ್ಟೇಟಸ್ ಡೆಕ್ ಎಲ್ಲ ಆಮೇಲೆ ಸೇರಿಕೊಂಡಿದ್ದು.

ವೈಟ್‌ಫೀಲ್ಡ್_ಡೇಟಾ

ಎಐ ಬಗ್ಗೆ ಯಾರೂ ಮಾತಾಡಿಲ್ಲ, ಆಶ್ಚರ್ಯ. ಮೀಟಿಂಗ್ ನೋಟ್ಸ್, ರಿಪೋರ್ಟ್, ಟಿಕೆಟ್ ಸಾರಾಂಶ ಎಲ್ಲ ಈಗ ಯಂತ್ರ ಮಾಡುತ್ತೆ. ಹಾಗಾದರೆ ಸಮಯ ಉಳಿಯಬೇಕಿತ್ತು ಅಲ್ವಾ? ನಾನು ಕಂಡಂತೆ ಉಳಿದಿಲ್ಲ. ಪಿಆರ್‌ಡಿ (ಏನು ಮಾಡಬೇಕು ಅಂತ ಪಿಎಂ ಬರೆದುಕೊಡೋ ಡಾಕ್ಯುಮೆಂಟ್) ಹತ್ತು ನಿಮಿಷದಲ್ಲಿ ಸಿದ್ಧವಾಗುತ್ತೆ, ಹನ್ನೆರಡು ಪುಟ ಇರುತ್ತೆ. ಅದನ್ನು ಓದೋಕೆ ಆರು ಜನ ಬೇಕು. ಬರೆದವರು ಉಳಿಸಿದ ಸಮಯವನ್ನು ಓದುವವರು ತೆತ್ತರು. ಅದಕ್ಕಿಂತ ನನಗೆ ಬೇಸರ ತರೋದು, ಸಿಯಾಟಲ್ ಅವರು ಹೇಳಿದ "ಮುಂದಿನ ವಾಕ್ಯ ಬರಲ್ಲ" ಅನ್ನೋ ತಡೆ ಇಲ್ಲಿ ಇಲ್ಲವೇ ಇಲ್ಲ. ಯಂತ್ರಕ್ಕೆ ಮುಂದಿನ ವಾಕ್ಯ ಯಾವಾಗಲೂ ಬರುತ್ತೆ.

ನಾನು ಇಟ್ಟುಕೊಂಡ ನಿಯಮ: ನಿರ್ಧಾರ ಇರೋ ಡಾಕ್ಯುಮೆಂಟ್‌ನ ಮೊದಲ ಪ್ರತಿ ನಾನೇ ಬರೀತೀನಿ. ಆಮೇಲೆ ಯಂತ್ರಕ್ಕೆ ಕೊಟ್ಟು "ಇದರಲ್ಲಿ ಯಾವ ವಾದ ದುರ್ಬಲ?" ಅಂತ ಕೇಳ್ತೀನಿ. ಕೆಲವೊಮ್ಮೆ ಒಳ್ಳೆ ಪ್ರಶ್ನೆ ಹಾಕುತ್ತೆ. ಹಳೆ ಟಿಕೆಟ್ ರಾಶಿಯಲ್ಲಿ ಒಂದೇ ಥರದ್ದನ್ನು ಗುಂಪು ಮಾಡೋಕೂ ಒಳ್ಳೇದು. ಆದರೆ ಗುಂಪು ಮಾಡಿದ ಮೇಲೆ ಅದರೊಳಗಿನ ಕೆಲವನ್ನಾದರೂ ಪೂರ್ತಿ ಓದಬೇಕು.

ಕುವೆಂಪುನಗರ_ಮೈಸೂರು

ಒಂದು ಸಂಬಂಧಪಟ್ಟ ಪ್ರಶ್ನೆ. ನಮ್ಮಲ್ಲಿ ಎಲ್ಲ ಫೀಚರ್‌ಗೂ ರೈಸ್ ಸ್ಕೋರ್ (ಯಾವುದನ್ನು ಮೊದಲು ಮಾಡಬೇಕು ಅಂತ ಹೇಳೋ ಅಂಕ) ಹಾಕಲೇಬೇಕು. ಎಕ್ಸೆಲ್ ತುಂಬಿಸೋದರಲ್ಲೇ ದಿನ ಹೋಗುತ್ತೆ. ಇದು ಯೋಚನೆಯೋ, ಬಿಜಿವರ್ಕ್ಕೋ?

ಯುಪಿಐ_ಹಳಬ

ಎರಡೂ ಆಗಬಹುದು ಮೇಡಂ. ರೈಸ್ ಇಂಟರ್‌ಕಾಮ್ ಕಂಪನಿಯಿಂದ ಬಂದದ್ದು. ಎಷ್ಟು ಜನಕ್ಕೆ ತಲುಪುತ್ತೆ, ಎಷ್ಟು ಪರಿಣಾಮ, ನಮಗೆಷ್ಟು ಖಾತ್ರಿ, ಈ ಮೂರನ್ನೂ ಗುಣಿಸಿ ಶ್ರಮದಿಂದ ಭಾಗಿಸೋದು. ನನಗೆ ಅದರಲ್ಲಿ ಬೆಲೆಬಾಳೋದು ಖಾತ್ರಿಯ ಕಾಲಂ. 80 ಪರ್ಸೆಂಟ್ ಅಂತ ಬರೆದವರನ್ನು "ಯಾಕೆ 80? ಯಾರ ಜೊತೆ ಮಾತಾಡಿದ್ರಿ?" ಅಂತ ಕೇಳಿ. ಅಲ್ಲಿಂದ ನಿಜವಾದ ಚರ್ಚೆ ಶುರು. ಅದನ್ನು ಕೇಳದೆ 42.7 ದೊಡ್ಡದು, 41.9 ಚಿಕ್ಕದು ಅಂತ ಸಾಲು ಹಾಕಿದರೆ ಊಹೆಗೆ ದಶಮಾಂಶ ಹಚ್ಚಿದ ಹಾಗೆ. ಎಲ್ಲ ಫೀಚರ್‌ಗೂ ಹಾಕಬೇಡಿ. ಮೊದಲ ಐದಾರಕ್ಕೆ ಹಾಕಿ, ಪ್ರತಿ ಅಂಕಿ ಪಕ್ಕ ಒಂದು ಸಾಲು ಕಾರಣ ಬರೆಯಿರಿ.

ಹೊಸ_ಎಪಿಎಂ

ಇನ್ನೊಂದು ಕೇಳಬಹುದಾ? ಅಪ್ರೈಸಲ್‌ನಲ್ಲಿ ಇದನ್ನು ಹೇಗೆ ತೋರಿಸೋದು? ಫೀಚರ್ ಬಿಡುಗಡೆ ಮಾಡಿದರೆ ಹೇಳಬಹುದು. ಯೋಚಿಸಿ, ಒಂದು ಕೆಲಸ ಬೇಡ ಅಂತ ನಿಲ್ಲಿಸಿದರೆ ಏನು ಅಂತ ಬರೆಯಲಿ?

ಬೆಳ್ಳಂದೂರು_ಪಿಎಂ

ಇದು ಈ ಚರ್ಚೆಯಲ್ಲೇ ಅತಿ ಮುಖ್ಯವಾದ ಪ್ರಶ್ನೆ. ಜನ ಬಿಜಿವರ್ಕ್ ಹಿಡಿದುಕೊಳ್ಳೋದು ಸೋಮಾರಿತನದಿಂದಲ್ಲ, ಅದಕ್ಕೆ ಲೆಕ್ಕ ಸಿಗುತ್ತೆ ಅಂತ.

ನಾನು ಒಂದು ಡಾಕ್ಯುಮೆಂಟ್ ಇಟ್ಟಿದ್ದೇನೆ. ಇಡೀ ತಂಡ ನೋಡಬಹುದು. ಪ್ರತಿ ನಿರ್ಧಾರಕ್ಕೂ ಅರ್ಧ ಪುಟ. ಪ್ರಶ್ನೆ ಏನಿತ್ತು, ಏನೇನು ನೋಡಿದೆವು, ಯಾವುದನ್ನು ಕೈಬಿಟ್ಟೆವು, ಯಾರು ಒಪ್ಪಲಿಲ್ಲ ಮತ್ತು ಅವರ ಕಾರಣವೇನು, ಇದನ್ನು ಮತ್ತೆ ಯಾವಾಗ ತೆರೆದು ನೋಡ್ತೀವಿ. ಒಪ್ಪದವರ ಕಾರಣವನ್ನು ಅವರೇ ಬರೀತಾರೆ, ನಾನಲ್ಲ. ಸೆಟಲ್‌ಮೆಂಟ್ ವಿಷಯದಲ್ಲಿ ಸೇಲ್ಸ್‌ನವರು ಒಪ್ಪಿರಲಿಲ್ಲ. ಪೈಪೋಟಿಯವರ ಹತ್ತಿರ ತಕ್ಷಣದ ಸೆಟಲ್‌ಮೆಂಟ್ ಇದೆ, ದೊಡ್ಡ ಅಂಗಡಿಗಳು ಅದನ್ನೇ ಕೇಳ್ತಾರೆ ಅಂತ ಅವರ ವಾದ. ಅದೂ ನಿಜವೇ. ಹಾಗಾಗಿ ಮುಂದಿನ ಕ್ವಾರ್ಟರ್‌ಗೆ ಮತ್ತೆ ತೆಗೆದು ನೋಡಬೇಕು ಅಂತ ದಿನಾಂಕ ಹಾಕಿ ಬರೆದಿದ್ದೇವೆ.

ಅಪ್ರೈಸಲ್ ಹೊತ್ತಿಗೆ ಇದರಿಂದ ಎರಡು ಪುಟ ಆರಿಸಿ ಮ್ಯಾನೇಜರ್ ಮುಂದೆ ಇಡ್ತೀನಿ. ಇಂಜಿನಿಯರ್‌ಗಳ ಸಮಯ ಎಷ್ಟು ಉಳಿಯಿತು, ಅದು ಯಾವ ಕೆಲಸಕ್ಕೆ ಹೋಯಿತು ಅಂತ ಪಕ್ಕದಲ್ಲೇ ಇರುತ್ತೆ. ನಿನ್ನ ಕೆಲಸದಲ್ಲೂ ಶುರು ಮಾಡಬಹುದು. ಮೊದಲ ಪುಟಕ್ಕೆ ವಿಷಯ ಬೇಕಿದ್ದರೆ, ನೀನು ವಿಂಗಡಿಸೋ ಟಿಕೆಟ್‌ಗಳಲ್ಲಿ ಅತಿ ಹೆಚ್ಚು ಬರೋ ಒಂದನ್ನು ಹಿಡಿ. ಆ ದೂರನ್ನು ಯಾರು ಕೊಡ್ತಿಲ್ಲ ಅಂತ ನೋಡು. ಸಿಕ್ಕಿದ್ದನ್ನು ಇಲ್ಲಿ ಹಾಕು, ಎಲ್ಲರೂ ಸೇರಿ ನೋಡೋಣ.

ಹೊಸ_ಎಪಿಎಂ

ನಮ್ಮಲ್ಲಿ ಅತಿ ಹೆಚ್ಚು ಬರೋದು "ಓಟಿಪಿ ಬರ್ತಿಲ್ಲ". ಸೋಮವಾರ ಡೇಟಾ ತೆಗೀತೀನಿ. ಮೊದಲು ಹಳ್ಳಿ, ಪಟ್ಟಣ ಅಂತ ಬೇರೆ ಮಾಡಿ ನೋಡ್ಲಾ, ಇಲ್ಲ ಫೋನ್ ಮಾಡೆಲ್ ಪ್ರಕಾರವಾ?

ವೈಟ್‌ಫೀಲ್ಡ್_ಡೇಟಾ

ಮೊದಲು ಸಿಮ್ ಕಂಪನಿ ಮತ್ತು ದಿನದ ಹೊತ್ತು. ಆಮೇಲೆ ಫೋನ್. ಡೇಟಾ ತೆಗೆಯೋ ಕ್ವೆರಿ ಬರೆಯೋಕೆ ಕಷ್ಟವಾದರೆ ನನಗೆ ಮೆಸೇಜ್ ಮಾಡು.